ಮೊಮ್ಮಗನ ಹೈಸ್ಕೂಲು, ಅಜ್ಜಿಯ ಚಿಂತೆ

ಪ್ರಶ್ನೆ: ಮಗಳ ಸಂಸಾರ ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊಗೆ ಹೋಗುತ್ತಿದೆ. ಮೊಮ್ಮಗ ಅಲ್ಲಿನ ಸರ್ಕಾರಿ ಹೈಸ್ಕೂಲಿಗೆ ಸೇರುತ್ತಾನಂತೆ. ಆಟದ ಹುಚ್ಚು ಜಾಸ್ತಿ. ಓದು ಹಾಳಾಗುವುದಿಲ್ಲವೇ?
– ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಸರ್ಕಾರಿ ಶಾಲೆ ಅಂತ ಸುಮ್ನೆ ಗಾಬರಿಯಾಗಬೇಡಿ. ಆಪಲ್ ಕಂಪನಿ ಕಟ್ಟಿದ ಸ್ಟೀವ್ ಜಾಬ್ಸ್ 1972ರಲ್ಲಿ ಓದು ಮುಗಿಸಿದ್ದು ಅದೇ ಊರಿನ ಸರ್ಕಾರಿ ಹೋಮ್‌ಸ್ಟೆಡ್ ಹೈಸ್ಕೂಲಿನಲ್ಲಿ. ಅಲ್ಲಿ ಹೈಸ್ಕೂಲೆಂದರೆ 9ರಿಂದ 12ನೇ ತರಗತಿ, ಅಂದರೆ ನಮ್ಮ ಪಿಯುಸಿಯೂ ಅದರೊಳಗೇ. ಫೀಸಿಲ್ಲ. ಆದರೆ ಮನೆಯ ವಿಳಾಸ ನೋಡಿ ಶಾಲೆ ಗೊತ್ತುಮಾಡುತ್ತಾರೆ, ಹಾಗಾಗಿ ಒಳ್ಳೆಯ ಶಾಲೆಯ ಸುತ್ತ ಬಾಡಿಗೆ ಏರಿ ಕೂತಿರುತ್ತದೆ. ಫೀಸು ಮನೆ ಮಾಲೀಕನಿಗೆ ಕಟ್ಟಿದ ಹಾಗಾಯಿತು, ಅಲ್ವಾ?

ಆಟದ ವಿಷಯಕ್ಕೆ ಬರೋಣ. ಕ್ಲಾಸು ಮುಗಿದ ಮೇಲೆ ಅಭ್ಯಾಸ, ಕಾಲಕ್ಕೆ ತಕ್ಕ ಆಟ: ಮೊದಲು ಫುಟ್‌ಬಾಲ್ (ಅವರದು ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ), ಚಳಿಗೆ ಬ್ಯಾಸ್ಕೆಟ್‌ಬಾಲ್, ಆಮೇಲೆ ಬ್ಯಾಡ್ಮಿಂಟನ್. ಡಾಕ್ಟರ ತಪಾಸಣೆಯ ಚೀಟಿ ಇಲ್ಲದೆ ಆಯ್ಕೆಗೇ ಬಿಡುವುದಿಲ್ಲ. ಹೊಸಬರು ಸಾಮಾನ್ಯವಾಗಿ ಕಿರಿಯರ ತಂಡಕ್ಕೆ, ಪಳಗಿದವರು ವಾರ್ಸಿಟಿ ಎನ್ನುವ ಮುಖ್ಯ ತಂಡಕ್ಕೆ. ನಿಮ್ಮ ಭಯಕ್ಕೆ ಮದ್ದೂ ಅಲ್ಲೇ ಇದೆ: ಅಂಕದ ಸರಾಸರಿ 4ಕ್ಕೆ 2ರ ಕೆಳಗಿಳಿದರೆ ಆಡುವ ಅರ್ಹತೆಗೇ ಕುತ್ತು, ಕೋಚ್ ಎಷ್ಟೇ ಮೆಚ್ಚಿದ್ದರೂ ಸರಿ.

ನಿಜ ಹೇಳಬೇಕೆಂದರೆ, ಆ ಊರಲ್ಲಿ ಆಟಕ್ಕಿಂತ ಓದಿನ ಒತ್ತಡವೇ ಹುಡುಗರನ್ನು ಹೆಚ್ಚು ಹಿಂಡುತ್ತದೆ. ಕಾಲೇಜು ಮಟ್ಟದ ಎಪಿ ವಿಷಯಗಳು, ಮೇ ತಿಂಗಳಲ್ಲಿ ಅದರ ಪರೀಕ್ಷೆ. ಹುಡುಗ ಆಡಲಿ ಬಿಡಿ. ಕ್ರಿಕೆಟ್ ಮಾತ್ರ ಶಾಲಾ ಪಂದ್ಯಗಳ ಪಟ್ಟಿಯಲ್ಲಿಲ್ಲ, ಅದಕ್ಕೆ ಹೊರಗಿನ ಕ್ಲಬ್ಬು ಹುಡುಕಬೇಕು.