ಆರನೇ ಪಿನ್ ಎಲ್ಲಿ ಹೋಯಿತು?

ನಮಸ್ಕಾರ.

ನೀವು ಕಳಿಸಿದ ಯುದ್ಧವಿಮಾನದ ಥ್ರಿಲ್ಲರ್ ಪೂರ್ತಿ ಓದಿದೆ. 412 ಪುಟ, ಎರಡು ವಾರ ಹಿಡಿಯಿತು. ಸುತ್ತಿ ಬಳಸಿ ಹೇಳುವುದು ಬೇಡ: ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲು ವಿಷಾದ ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೆ ನಿಮ್ಮ 187ನೇ ಪುಟ ಕಾರಣ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜತೆಗಿನ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: 'ಈ ಬಗೆಯ ಕಾದಂಬರಿ ಓದುವವರಿಗೆ ಬೇಕಾದ್ದು ನಿಖರ ಮಾಹಿತಿ. ಅದಕ್ಕೇ ಎರಡು ವರ್ಷ ಮಾಹಿತಿ ಕಲೆಹಾಕಿದೆ.' ಕಲೆಹಾಕಿದ್ದು ಕಾಣುತ್ತದೆ. ವಿಮಾನ ಹ್ಯಾಂಗರ್ ಬಿಟ್ಟು ಹೊರಗೆ ಬರುವುದಕ್ಕೇ ಹನ್ನೊಂದು ಪುಟ! ರೆಕ್ಕೆಯ ಉದ್ದ, ಎಂಜಿನ್ನಿನ ತಾಕತ್ತು, ರೇಡಾರ್ ಎಷ್ಟು ದೂರ ನೋಡುತ್ತದೆ, ಎಲ್ಲಾ ಇದೆ. ಸಾಲದ್ದಕ್ಕೆ ಇಬ್ಬರು ಪೈಲಟ್‌ಗಳು ಎದುರುಬದುರು ನಿಂತು 'ನಿನಗೆ ಗೊತ್ತಿರುವ ಹಾಗೆ ನಮ್ಮ ವಿಮಾನ...' ಅಂತ ಪಾಠ ಒಪ್ಪಿಸುತ್ತಾರೆ. 'ಗೊತ್ತಿದ್ದರೆ ಯಾಕಪ್ಪಾ ಹೇಳ್ತೀಯ' ಅಂತ ಅಂಚಿನಲ್ಲಿ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಓದುಗರಿಗೆ ಮಾಹಿತಿ ಬೇಕು, ನಿಜ. ಆದರೆ ಯಂತ್ರ ಏನೇನು ಮಾಡಬಲ್ಲದು ಅನ್ನೋದು ಕಂಪನಿಯ ಕರಪತ್ರದಲ್ಲೂ ಸಿಗುತ್ತದೆ. ಅದು ಏನು ಮಾಡಲಾರದು ಅನ್ನುವುದನ್ನು ತಿಳಿಯುವಾಗ ಓದುಗ ನೆಟ್ಟಗೆ ಕೂರುತ್ತಾನೆ. ಇಂಧನ ಎಲ್ಲಿಯವರೆಗೆ ಬರುತ್ತದೆ, ಗುಂಡು ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮೈ ಎಷ್ಟು ತಡೆಯುತ್ತದೆ. ಪೈಲಟ್‌ಗಳು 'ಬಿಂಗೊ' ಅಂತಾರಲ್ಲ, ಇಷ್ಟು ಇಂಧನ ಉಳಿದಾಗ ಏನೇ ಆಗಿರಲಿ ಮನೆಗೆ ತಿರುಗಲೇಬೇಕು ಅನ್ನುವ ಲೆಕ್ಕ. ನೀವು ಆ ಪದವನ್ನು ಎಂಟು ಸಲ ಬಳಸಿದ್ದೀರಿ, ಒಮ್ಮೆಯೂ ಅರ್ಥ ಹೇಳಿಲ್ಲ. 20ನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿಬಿಡಿ. ಆಗ 300ನೇ ಪುಟದಲ್ಲಿ ನಾಯಕ ಬಿಂಗೊ ದಾಟಿಯೂ ತಿರುಗದೆ ಇದ್ದಾಗ ನೀವು 'ಅವನ ಎದೆ ಡವಡವ ಹೊಡೆದುಕೊಂಡಿತು' ಅಂತ ಬರೆಯುವ ಅಗತ್ಯವೇ ಇರುವುದಿಲ್ಲ. ಓದುಗನ ಎದೆಯೇ ಹೊಡೆದುಕೊಳ್ಳುತ್ತಿರುತ್ತದೆ.

ನಡೆದ ಘಟನೆಯನ್ನೇ ಒಂದು ಹೇಳುತ್ತೇನೆ. ವಿಯೆಟ್ನಾಂ ಯುದ್ಧ, 1967ರ ಮಾರ್ಚ್ 10. ಹನೋಯಿಯ ಉತ್ತರಕ್ಕಿದ್ದ ಉಕ್ಕಿನ ಕಾರ್ಖಾನೆಯ ಮೇಲೆ ದಾಳಿಗೆ ಹೋದ ಅಮೆರಿಕದ ಎರಡು ಎಫ್-4 ಫ್ಯಾಂಟಮ್‌ಗಳಿಗೆ ನೆಲದಿಂದ ಗುಂಡು ತಗುಲಿತು. ಅರ್ಲ್ ಏಮನ್ ಹಾರಿಸುತ್ತಿದ್ದ ವಿಮಾನದಿಂದ ಇಂಧನ ಸೋರಿಹೋಯಿತು. ಅಲ್ಲೇ ಪ್ಯಾರಾಶೂಟ್‌ನಲ್ಲಿ ಇಳಿದರೆ ಶತ್ರುವಿನ ಕೈಗೆ ಸಿಕ್ಕ ಹಾಗೇ. ಜತೆಯಲ್ಲಿದ್ದ ಬಾಬ್ ಪಾರ್ಡೊ ತನ್ನ ವಿಮಾನದಿಂದಲೇ ಹಿಂದಿನಿಂದ ನೂಕಲು ನೋಡಿದ. ಆಗಲಿಲ್ಲ. ಆಗ ಏಮನ್‌ಗೆ ಬಾಲದ ಕೊಕ್ಕೆ ಇಳಿಸಲು ಹೇಳಿದ. ಫ್ಯಾಂಟಮ್ ಮೊದಲು ನೌಕಾಪಡೆಗಾಗಿ ಮಾಡಿದ ವಿಮಾನ. ಹಡಗಿನ ಮೇಲೆ ಇಳಿಯುವಾಗ ತಂತಿಗೆ ಸಿಕ್ಕಿಸಿ ನಿಲ್ಲಿಸಲು ಅದಕ್ಕೆ ಗಟ್ಟಿಮುಟ್ಟಾದ ಕೊಕ್ಕೆ ಇರುತ್ತದೆ. ಪಾರ್ಡೊ ತನ್ನ ಮುಂದಿನ ಗಾಜನ್ನು ಆ ಕೊಕ್ಕೆಗೆ ಆನಿಸಿ ನೂಕಿದ. ಕೊಕ್ಕೆ ಜಾರುತ್ತಿತ್ತು, ಮತ್ತೆ ಆನಿಸುತ್ತಿದ್ದ. ನಡುವೆ ಅವನದೇ ಒಂದು ಎಂಜಿನ್ನಿಗೆ ಬೆಂಕಿ. ಅದನ್ನು ನಿಲ್ಲಿಸಿ ಇನ್ನೊಂದರಲ್ಲೇ ನೂಕಿದ. ಹೀಗೆ ಸುಮಾರು 140 ಕಿಲೋಮೀಟರ್! ಲಾವೋಸ್ ಗಡಿಯ ಹತ್ತಿರ ಎರಡೂ ವಿಮಾನದ ನಾಲ್ವರು ಹೊರಗೆ ಚಿಮ್ಮಿದರು, ನಾಲ್ವರೂ ಬದುಕಿ ಬಂದರು. ಪಾರ್ಡೊಗೆ ಆಗ ಸಿಕ್ಕಿದ್ದು ವಿಮಾನ ಕಳೆದ ಅಂತ ಬೈಗುಳ. ಸಿಲ್ವರ್ ಸ್ಟಾರ್ ಪದಕ ಬಂದದ್ದು 1989ರಲ್ಲಿ.

ಫ್ಯಾಂಟಮ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಇಲ್ಲಿ ಆ ವೇಗ ಯಾವ ಕೆಲಸಕ್ಕೂ ಬರಲಿಲ್ಲ. ಕೆಲಸಕ್ಕೆ ಬಂದದ್ದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಕೊಕ್ಕೆ, ಮತ್ತೆ ಅದನ್ನು ನೆನಪಿಸಿಕೊಂಡ ಒಬ್ಬ ಮನುಷ್ಯ. ನಿಮ್ಮ ಹನ್ನೊಂದು ಪುಟದಲ್ಲಿ ಅಂಥ ಕೊಕ್ಕೆ ಹುಡುಕಿದೆ. ಸಿಗಲಿಲ್ಲ.

ಇನ್ನು ತಪ್ಪುಗಳು. ನಿಮ್ಮ ನಾಯಕ ಹಾರಿಸುವುದು ಎಫ್-16. ಆದರೆ 41ನೇ ಪುಟದಲ್ಲಿ ಅವನು 'ತೊಡೆಗಳ ನಡುವಿನ ಕೋಲನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಳ್ಳುತ್ತಾನೆ'. ಎಫ್-16ರಲ್ಲಿ ವಿಮಾನ ತಿರುಗಿಸುವ ಆ ಕೋಲು ಬಲಗೈ ಪಕ್ಕದಲ್ಲಿದೆ, ಎಳೆದರೆ ಬರುವಂಥದ್ದೂ ಅಲ್ಲ. ಕೈ ಎಷ್ಟು ಒತ್ತುತ್ತದೆ ಅನ್ನುವುದನ್ನು ಅಳೆದು ಕಂಪ್ಯೂಟರ್ ವಿಮಾನವನ್ನು ತಿರುಗಿಸುತ್ತದೆ. ಮೊದಲು ಮಾಡಿದ ಕೋಲು ಒಂದಿಷ್ಟೂ ಅಲುಗುತ್ತಿರಲಿಲ್ಲವಂತೆ. ಪೈಲಟ್‌ಗಳಿಗೆ ಒಗ್ಗಲಿಲ್ಲ ಅಂತ ಆಮೇಲೆ ಚೂರೇ ಚೂರು ಅಲುಗಾಟ ಕೊಟ್ಟರು. ಇದು ಎಂಥಾ ಸೊಗಸಾದ ವಿವರ ನೋಡಿ! ಜೀವ ಹೋಗುವ ಹೊತ್ತಿನಲ್ಲೂ ಹೊರಗಿನಿಂದ ನೋಡಿದರೆ ಅವನ ಮಣಿಕಟ್ಟು ಸುಮ್ನೆ ಕೂತಿರುತ್ತದೆ. ಇದನ್ನು ಬಿಟ್ಟು ಎತ್ತಿನ ಹಗ್ಗ ಎಳೆದ ಹಾಗೆ ಎಳೆಸಿದ್ದೀರಿ.

233ನೇ ಪುಟದಲ್ಲಿ ಅವನ ಫಿರಂಗಿ ಒಂದೂವರೆ ಪುಟ ಗುಂಡಿನ ಮಳೆ ಸುರಿಸುತ್ತದೆ. ಎಫ್-16 ಒಯ್ಯುವುದು 511 ಗುಂಡು, ಫಿರಂಗಿ ನಿಮಿಷಕ್ಕೆ 6000 ಹಾರಿಸುತ್ತದೆ. ನೀವೇ ಭಾಗಿಸಿ, ಐದು ಸೆಕೆಂಡಿಗೆ ಖಾಲಿ. ಆ ಐದು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಆಗಲೇ ವ್ಯರ್ಥವಾಗಿದೆ ಅಂತ ಗೊತ್ತಿರುವವನ ಬೆರಳು ಹೇಗಿರುತ್ತದೆ, ಅದನ್ನು ಬರೆಯಿರಿ.

9 ಜಿ ತಿರುವಿನಲ್ಲಿ ನಾಯಕ ಹೆಂಡತಿಯನ್ನು ನೆನೆಯುತ್ತಾ ಮುಕ್ಕಾಲು ಪುಟ ಕಳೆಯುತ್ತಾನೆ. 9 ಜಿ ಅಂದರೆ 70 ಕಿಲೋ ಮನುಷ್ಯ 630 ಕಿಲೋ ತೂಗಿದ ಹಾಗೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ, ಮೊದಲು ಬಣ್ಣ ಮಾಸುತ್ತದೆ, ಆಮೇಲೆ ನೋಟ ಕೊಳವೆಯ ಹಾಗೆ ಕಿರಿದಾಗುತ್ತದೆ. ಪೈಲಟ್ ಕಾಲು, ಹೊಟ್ಟೆ ಬಿಗಿ ಹಿಡಿದು ಮೂರು ಸೆಕೆಂಡಿಗೊಮ್ಮೆ ಚಿಕ್ಕದಾಗಿ ಉಸಿರು ಎಳೆದುಕೊಳ್ಳುತ್ತಿರುತ್ತಾನೆ. ಹೆಂಡತಿ ನೆನಪಾಗಲಿ, ಬೇಡ ಅನ್ನಲ್ಲ. ಅರ್ಧ ವಾಕ್ಯ ನೆನಪಾಗಲಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಜಿನ್ನಿಗೆ ಹೆಚ್ಚಿನ ನೂಕು ಕೊಡುವ ಭಾಗಕ್ಕೆ 'ಪಶ್ಚದಾಹಕ', ಜತೆಗೆ ಹಾರುವ ವಿಮಾನದ ಪೈಲಟ್‌ಗೆ 'ಪಾರ್ಶ್ವಚಾಲಕ' ಅಂದಿದ್ದೀರಿ, ಎರಡನ್ನೂ ದಯವಿಟ್ಟು ಕೈಬಿಡಿ. ಆಫ್ಟರ್‌ಬರ್ನರ್, ವಿಂಗ್‌ಮ್ಯಾನ್ ಅಂತಲೇ ಇರಲಿ, ಓದುಗ ಸಂದರ್ಭದಿಂದ ಹಿಡಿದುಕೊಳ್ಳುತ್ತಾನೆ. ರೇಡಿಯೊ ಮಾತು ಮಾತ್ರ ಪೂರಾ ತಿದ್ದಬೇಕು. 'ಶತ್ರು ವಿಮಾನವು ನಿನ್ನ ಹಿಂಬದಿಯಿಂದ ಸಮೀಪಿಸುತ್ತಿದೆ, ಕೂಡಲೇ ಎಡಕ್ಕೆ ತಿರುಗು' ಅನ್ನುವಷ್ಟರಲ್ಲಿ ವಿಂಗ್‌ಮ್ಯಾನ್ ಸತ್ತಿರುತ್ತಾನೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಆಕಾಶದಲ್ಲಿ ಅಷ್ಟು ಕಾಯಲು ಆಗಲ್ಲ. 'ಎಡಕ್ಕೆ! ಎಡಕ್ಕೆ! ಹಿಂದೆ ಇದ್ದಾನೆ!' ಸಾಕು ಅಲ್ವಾ?

ಈಗ 187ನೇ ಪುಟ. ಬೆಳಗಿನ ಜಾವ. ವಿಮಾನ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಹಾರುವ ಮುಂಚೆ ತೆಗೆಯಲೇಬೇಕಾದ, ಕೆಂಪು ಪಟ್ಟಿ ಕಟ್ಟಿದ ಸುರಕ್ಷತಾ ಪಿನ್‌ಗಳನ್ನು ಒಂದೊಂದಾಗಿ ಕಿತ್ತು, ಕಾಕ್‌ಪಿಟ್‌ನಲ್ಲಿರುವ ನಾಯಕನಿಗೆ ಕಾಣುವಂತೆ ಎತ್ತಿ ಹಿಡಿಯುತ್ತಾನೆ. ಕೈಯ ಬಿರುಕಿನಲ್ಲಿ ಗ್ರೀಸ್, ಪಟ್ಟಿಗಳು ಗಾಳಿಗೆ ಪಟಪಟ ಅನ್ನುತ್ತಿವೆ. ಹತ್ತು ಸಾಲು, ಒಂದು ಅಂಕಿಯೂ ಇಲ್ಲ. ಇಡೀ ಹಸ್ತಪ್ರತಿಯಲ್ಲಿ ನಾನು ನಿಜವಾಗಿ ರನ್‌ವೇ ಪಕ್ಕ ನಿಂತದ್ದು ಅಲ್ಲೇ. ಆದರೆ ಅವನು ಕಿತ್ತದ್ದು ಆರು ಪಿನ್ ಅಂತ ಬರೆದಿದ್ದೀರಿ, ಎತ್ತಿ ತೋರಿಸುವಾಗ ಕೈಯಲ್ಲಿ ಐದು! ಎಫ್-16ರ ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಹೊಟ್ಟೆಯ ಕೆಳಗಿದೆ, ನೆಲಕ್ಕೆ ಹತ್ತಿರ. ಬಿದ್ದದ್ದನ್ನು ಒಳಗೆ ಎಳೆದುಕೊಂಡುಬಿಡುತ್ತದೆ. ಎಂಜಿನ್ ಇರುವುದೂ ಒಂದೇ. ನಲವತ್ತು ಪುಟ ಉಸಿರು ಬಿಗಿಹಿಡಿದು ಓದಿದೆ, ಈಗ ಆ ಪಿನ್ ಬರುತ್ತದೆ, ಈಗ ಬರುತ್ತದೆ ಅಂತ. ಬರಲೇ ಇಲ್ಲ. ಅದು ಬರೀ ಬೆರಳಚ್ಚಿನ ತಪ್ಪು ಅಂತ ಕೊನೆಗೆ ಅರ್ಥವಾಯಿತು. ನಿಮ್ಮ ಕಾದಂಬರಿಯ ಅತಿ ರೋಚಕ ಭಾಗವನ್ನು ನೀವು ಗೊತ್ತಿಲ್ಲದೆ ಬರೆದಿದ್ದೀರಿ.

'ನಾನು ವಾಯುಪಡೆಯಲ್ಲಿ ಇದ್ದವನಲ್ಲ, ಯಾರಾದರೂ ನಂಬುತ್ತಾರಾ' ಅಂತಲೂ ಕೇಳಿದ್ದೀರಿ. 1984ರಲ್ಲಿ ಜಲಾಂತರ್ಗಾಮಿಯ ಕಥೆ ಬರೆದು ಈ ಪ್ರಕಾರಕ್ಕೇ ದೊಡ್ಡ ಓದುಗ ಬಳಗ ತಂದುಕೊಟ್ಟ ಟಾಮ್ ಕ್ಲಾನ್ಸಿ ಆಗ ವಿಮೆ ಮಾರುತ್ತಿದ್ದರು. ಆ ಚಿಂತೆ ಬಿಡಿ.

ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳ ಸಮೇತ ವಾಪಸ್ ಕಳಿಸಿದ್ದೇನೆ. ಪೂರ್ತಿ ತಿದ್ದಿ ಕಳಿಸಬೇಡಿ. 187ನೇ ಪುಟದಿಂದ ಕಥೆ ಶುರು ಮಾಡಿ, ಮೊದಲ ಮೂರು ಅಧ್ಯಾಯ ಮಾತ್ರ ಹೊಸದಾಗಿ ಬರೆದು ಕಳಿಸಿ. ಆರನೇ ಪಿನ್ ಎಲ್ಲಿದೆ ಅಂತ ಆ ಮೆಕ್ಯಾನಿಕ್‌ಗೆ ಗೊತ್ತಿದೆಯೋ ಇಲ್ಲವೋ, ಬರೆಯಲು ಕೂರುವ ಮುಂಚೆ ಅದೊಂದನ್ನು ತೀರ್ಮಾನ ಮಾಡಿಕೊಳ್ಳಿ.

ಇಂತಿ,
ಸಂಪಾದಕ