ಮೇಷ್ಟ್ರೇ, ಆ ಲೆಕ್ಕ ಆಮೇಲೆ ಬರೆದದ್ದು

ಹಾಸನದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಉಕ್ರೇನಿನ ಬಾಖ್‌ಮುತ್ ಊರಿಗಾಗಿ ರಷ್ಯಾ ತಿಂಗಳುಗಟ್ಟಲೆ ಹೊಡೆದಾಡಿದ್ದನ್ನು ನೀವು ಹುಚ್ಚಾಟ ಎಂದಿರಿ. ಅದು ಹುಚ್ಚಾಟವಲ್ಲ. ಶತ್ರುವನ್ನು ಸವೆಸುವ ಯುದ್ಧದಲ್ಲಿ ಊರು ಮುಖ್ಯವಲ್ಲ, ಕೊನೆಗೆ ಯಾರ ಹತ್ತಿರ ಜನ ಮತ್ತು ಶೆಲ್ ಜಾಸ್ತಿ ಉಳಿಯುತ್ತೆ ಅನ್ನೋದು ಮುಖ್ಯ. ಶುದ್ಧ ಲೆಕ್ಕ. ವಾರವಾರ ಎರಡೂ ಕಡೆ ಸತ್ತವರ ಪಟ್ಟಿ ಹಾಕಿ, ಯಾರು ಗೆಲ್ತಾರೆ ಅಂತ ಓದುಗರೇ ಹೇಳ್ತಾರೆ.’

ಪತ್ರ ಚೆನ್ನಾಗಿದೆ, ಅಕ್ಷರ ಇನ್ನೂ ಚೆನ್ನಾಗಿದೆ. ನಿಮ್ಮ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ. ಶೆಲ್ ಖಾಲಿಯಾದರೆ ಫಿರಂಗಿ ಬರೀ ಕಬ್ಬಿಣ. 1918ರಲ್ಲಿ ಜರ್ಮನಿ ಸೋತದ್ದೂ ಸುಸ್ತಾಗಿಯೇ. ಒಪ್ಪಿದೆ. ಆದರೆ ಈ ಲೆಕ್ಕವನ್ನು ಯುದ್ಧಕ್ಕೆ ಮುಂಚೆ ಬರೆದದ್ದಾ, ಆಮೇಲೆ ಬರೆದದ್ದಾ ಅಂತ ಯಾರೂ ಕೇಳುವುದೇ ಇಲ್ಲವಲ್ಲ, ಅದು ನನ್ನ ಹಳೇ ತಕರಾರು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕೋಟೆ ಊರು ವರ್ಡನ್ ಮೇಲೆ ಜರ್ಮನರು ಮಾಡಿದ ದಾಳಿ ತಗೊಳ್ಳಿ. 1916ರ ಫೆಬ್ರವರಿ 21ಕ್ಕೆ ಶುರುವಾಗಿ ಡಿಸೆಂಬರ್‌ವರೆಗೆ ನಡೆಯಿತು. ಕೋಟೆ ಹಿಡಿಯುವುದಲ್ಲ, ಫ್ರೆಂಚರ ರಕ್ತ ಬಸಿಯುವುದೇ ಉದ್ದೇಶ ಅಂತ 1915ರ ಕ್ರಿಸ್‌ಮಸ್ ಹೊತ್ತಿಗೇ ಜರ್ಮನ್ ಚಕ್ರವರ್ತಿ ಕೈಸರ್‌ಗೆ ಟಿಪ್ಪಣಿ ಕೊಟ್ಟಿದ್ದೆ ಎಂದು ಜರ್ಮನ್ ಸೇನಾಪತಿ ಫಾಲ್ಕನ್‌ಹೈನ್ ಹೇಳಿಕೊಂಡರು. ಎಲ್ಲಿ? ಹುದ್ದೆ ಹೋಗಿ, ಯುದ್ಧವೂ ಸೋತ ಮೇಲೆ ಬಂದ ನೆನಪಿನ ಪುಸ್ತಕದಲ್ಲಿ. ಆ ಟಿಪ್ಪಣಿಯ ಮೂಲ ಪ್ರತಿ ಯಾವ ದಫ್ತರದಲ್ಲೂ ಸಿಕ್ಕಿಲ್ಲ. ದಾಳಿ ಮಾಡಿದ ಐದನೇ ಸೈನ್ಯದ ಯೋಜನೆಯಲ್ಲಂತೂ ವರ್ಡನ್ ಬೇಗ ಹಿಡಿಯಬೇಕು ಅಂತಲೇ ಇತ್ತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಫ್ರಾನ್ಸಿಗೆ ಸುಮಾರು 3,77,000 ಜನರ ನಷ್ಟ, ಜರ್ಮನಿಗೆ ಸುಮಾರು 3,37,000. ಆ ಟಿಪ್ಪಣಿ ನಿಜವಾ ಅನ್ನೋ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ, ನಾನು ಯಾವ ಕಡೆ ಅಂತ ನಿಮಗೆ ಗೊತ್ತಾಗಿರಬೇಕು. ನಿಮ್ಮ ಕ್ಲಾಸಿನ ಹುಡುಗ ಉತ್ತರ ನೋಡಿಕೊಂಡು ಆಮೇಲೆ ಸ್ಟೆಪ್ಸ್ ಬರೆದಿದ್ದರೆ ಎಷ್ಟು ಮಾರ್ಕ್ಸ್ ಕೊಡ್ತಿದ್ರಿ?

ಅದೇ ವರ್ಷ ಫ್ರಾನ್ಸಿನ ಸೋಮ್ ನದಿ ಹತ್ತಿರ ಬ್ರಿಟಿಷರು, ಫ್ರೆಂಚರು ಜರ್ಮನರ ಮೇಲೆ ಮಾಡಿದ ದಾಳಿ. ಜುಲೈ 1ರ ಒಂದೇ ದಿನ ಬ್ರಿಟಿಷರ ಕಡೆ 19,240 ಜನ ಸತ್ತರು. ಇದೂ ಸವೆಸುವ ಯುದ್ಧವೇ ಆಗಿತ್ತು ಅಂತ ಬ್ರಿಟಿಷ್ ಸೇನಾಪತಿ ಜನರಲ್ ಹೇಗ್ ಆಮೇಲೆ ವರದಿ ಬರೆದರು. ಹಾಗಾದರೆ ಹಿಂದೆ ಕುದುರೆ ಪಡೆ ಯಾಕೆ ಕಾಯ್ತಾ ಇತ್ತು ಸ್ವಾಮಿ? ಜುಲೈ 14ರಂದು ಹೈವುಡ್ ಕಾಡಿನ ಹತ್ತಿರ ನಮ್ಮ ಭಾರತದ ಕುದುರೆ ಪಡೆ ಡೆಕ್ಕನ್ ಹಾರ್ಸ್‌ನ ಸವಾರರು ಈಟಿ ಹಿಡಿದು ನುಗ್ಗಿದ್ದರು. ಶತ್ರುವಿನ ಸಾಲು ಒಡೆಯುತ್ತೇವೆ, ಆಚೆ ಬಯಲಿಗೆ ಓಡುತ್ತೇವೆ ಅನ್ನೋ ಆಸೆ ಮೇಲಿನವರಿಗೆ ಇದ್ದಿದ್ದರಿಂದಲೇ ಅಲ್ವಾ? ಆಸೆ ಕೈಗೂಡಲಿಲ್ಲ, ಯುದ್ಧಕ್ಕೆ ಹೊಸ ಹೆಸರು ಬಂತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಉಕ್ರೇನಿನಲ್ಲೂ ಇದೇ ಕಥೆ. 2022ರ ಫೆಬ್ರವರಿ 24ರಂದು ರಷ್ಯಾ ರಾಜಧಾನಿ ಕೀವ್ ಪಕ್ಕದ ಹೊಸ್ಟೊಮೆಲ್ ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್‌ಗಳಿಂದ ಸೈನಿಕರನ್ನು ಇಳಿಸಿದ್ದು ಕೀವ್ ಬೇಗ ಕೈಗೆ ಬರುತ್ತೆ ಅಂತ. ಬರಲಿಲ್ಲ. ಸವೆಸುವ ಮಾತು ಶುರುವಾದದ್ದು ಆಮೇಲೆ. ಇನ್ನೊಂದು ಕಡೆಯವರೂ ಅದನ್ನೇ ನಂಬಿದರು. ರಷ್ಯಾದವರು ಕನಿಷ್ಠ 1,50,000 ಜನ ಸತ್ತಿದ್ದಾರೆ, ಬೇರೆ ದೇಶವಾದರೆ ಯುದ್ಧ ನಿಲ್ಲಿಸುತ್ತಿತ್ತು, ಇವರೂ ನಿಲ್ಲಿಸುತ್ತಾರೆ ಅಂದುಕೊಂಡದ್ದು ನನ್ನ ತಪ್ಪು ಎಂಬ ಅರ್ಥದಲ್ಲಿ ಉಕ್ರೇನಿನ ಆಗಿನ ಸೇನಾ ಮುಖ್ಯಸ್ಥ ಝಲುಝ್ನಿ 2023ರ ನವೆಂಬರ್‌ನಲ್ಲಿ ಬಾಯಿಬಿಟ್ಟು ಹೇಳಿದರು. ಹುದ್ದೆಯಲ್ಲಿರುವಾಗಲೇ ಇಷ್ಟು ನೇರವಾಗಿ ಮಾತಾಡುವ ಸೇನಾಪತಿಗಳು ಎಷ್ಟು ಜನ ಇದ್ದಾರೆ ಹೇಳಿ.

ಪಟ್ಟಿ ಹಾಕುವುದಿಲ್ಲ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ವಿಯೆಟ್ನಾಮಿನಲ್ಲಿ ಅಮೆರಿಕದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಹೆಣ ಎಣಿಸಿದರು. ಶತ್ರು ಹೊಸಬರನ್ನು ತರುವುದಕ್ಕಿಂತ ಬೇಗ ಕೊಂದರೆ ಮುಗೀತು ಅಂತ ಅವರ ಲೆಕ್ಕ. ಎಣಿಕೆ ಮೇಲಿನವರಿಗೆ ಬೇಕಾದಂತೆ ಉಬ್ಬುತ್ತಾ ಹೋಯಿತು, ಅಮೆರಿಕ ಯುದ್ಧ ಗೆಲ್ಲಲಿಲ್ಲ. ಇವತ್ತೂ ಎದುರಾಳಿಯ ಹೆಣ ಎಲ್ಲರೂ ಎಣಿಸುತ್ತಾರೆ, ತಮ್ಮದನ್ನು ಮುಚ್ಚಿಡುತ್ತಾರೆ. ನಮ್ಮ ಟಿವಿಯವರಿಗೆ ಅದೇ ಸಾಕು. ಸಂಜೆ ಆರಕ್ಕೆ ಸೈರನ್, ಪರದೆ ತುಂಬ ಬಾಣ, ‘ಪುಟಿನ್ ಮಾಸ್ಟರ್ ಪ್ಲಾನ್’ ಅಂತ ಕಿರುಚಾಟ.

ಬಾಖ್‌ಮುತ್‌ನಲ್ಲಿ ತಮ್ಮ 20,000 ಜನ ಸತ್ತರು, ಅದರಲ್ಲಿ ಸುಮಾರು ಅರ್ಧ ಕೈದಿಗಳು ಎಂದು ರಷ್ಯಾ ಪರ ಹೋರಾಡಿದ ಖಾಸಗಿ ವಾಗ್ನರ್ ಪಡೆಯ ಆಗಿನ ಯಜಮಾನ ಪ್ರಿಗೋಜಿನ್ 2023ರ ಮೇನಲ್ಲಿ ತಾವೇ ಹೇಳಿದರು. ಆರು ತಿಂಗಳು ಹೋರಾಡಿದರೆ ಶಿಕ್ಷೆ ಮಾಫ್ ಅಂತ ಆ ಕೈದಿಗಳನ್ನು ಜೈಲಿನಿಂದ ಕರೆತಂದಿದ್ದರು. ‘ಹೇಗೂ ಕೈದಿಗಳು ತಾನೇ, ರಷ್ಯಾಕ್ಕೆ ನಷ್ಟವೇನೂ ಇಲ್ಲ’ ಎಂದು ಒಬ್ಬ ಪಂಡಿತರು ನಗುತ್ತಾ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಚಾನೆಲ್ ಬದಲಾಯಿಸಿದರೆ ಅಲ್ಲೂ ಒಬ್ಬರು ಕೋಲು ಹಿಡಿದು ನಕ್ಷೆ ಮುಂದೆ ನಿಂತಿದ್ದರು.