ಸರ್ವ್ ಸಾಧಾರಣ, ಗ್ರ್ಯಾನ್‌ಸ್ಲಾಮ್ ಮೂರು: ಕೆರ್ಬರ್ ಆಟದ ಬಗ್ಗೆ ಸಂಪಾದಕರ ಉತ್ತರ

ಧಾರವಾಡದ ಓದುಗರೊಬ್ಬರ ಪ್ರಶ್ನೆ: ‘ಜರ್ಮನಿಯ ಟೆನಿಸ್ ಆಟಗಾರ್ತಿ ಏಂಜೆಲಿಕ್ ಕೆರ್ಬರ್ ಅವರ ಸರ್ವ್ ಅಷ್ಟಕ್ಕಷ್ಟೆ. ಆದರೂ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದರು. ನನ್ನ ಮಗಳಿಗೆ 13 ವರ್ಷ, ಎಡಗೈ ಆಟ, ಸರ್ವ್ ದುರ್ಬಲ. ರಿಟರ್ನ್ (ಎದುರಾಳಿಯ ಸರ್ವ್ ಮರಳಿಸುವ ಹೊಡೆತ) ಒಂದನ್ನೇ ಗಟ್ಟಿ ಮಾಡಿಸಿದರೆ ಸಾಕೇ?’

ಸಾಲದು. ಕೆರ್ಬರ್ ಅವರ ವೃತ್ತಿಜೀವನವೇ ಅದನ್ನು ಹೇಳುತ್ತದೆ.

ಮೊದಲು ಅವರ ಬಲ ನೋಡೋಣ. 2016ರ ಆಸ್ಟ್ರೇಲಿಯಾ ಓಪನ್‌ ಮೊದಲ ಸುತ್ತಿನಲ್ಲಿ ಮಿಸಾಕಿ ದೋಯಿ ಎದುರು ಸೋಲಿಗೆ ಒಂದೇ ಪಾಯಿಂಟ್ ಬಾಕಿಯಿದ್ದಾಗ (ಮ್ಯಾಚ್ ಪಾಯಿಂಟ್) ಪಾರಾಗಿ ಗೆದ್ದವರು, ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಅವರನ್ನು 6–4, 3–6, 6–4ರಿಂದ ಮಣಿಸಿದರು. ಅಂದು ಸೆರೆನಾ ಮಾಡಿದ ಸ್ವಯಂಕೃತ ತಪ್ಪು (ಎದುರಾಳಿಯ ಒತ್ತಡವಿಲ್ಲದೆ ತಾವೇ ಮಾಡುವ ತಪ್ಪು) 46, ಕೆರ್ಬರ್ 13. ಚೆಂಡು ಮತ್ತೆ ಮತ್ತೆ ತಿರುಗಿ ಬರುತ್ತಿದ್ದರೆ ಎದುರಾಳಿ ಗೆರೆಗೆ ಇನ್ನಷ್ಟು ಹತ್ತಿರ ಹೊಡೆಯಲು ಹೋಗುತ್ತಾರೆ. ತಪ್ಪು ಹುಟ್ಟುವುದು ಅಲ್ಲೇ.

ಬೇಸ್‌ಲೈನ್‌ ಬಳಿ ಅವರು ಕುಕ್ಕರಗಾಲಿನಷ್ಟು ತಗ್ಗಿ ಹೊಡೆಯುತ್ತಿದ್ದ ಹೊಡೆತವನ್ನು ನಿಧಾನಗತಿಯ ವಿಡಿಯೊದಲ್ಲಿ ಮಗಳಿಗೆ ತೋರಿಸಿ. ಹಿಂದಿನ ಮೊಣಕಾಲು ಹೆಚ್ಚುಕಡಿಮೆ ನೆಲ ಮುಟ್ಟುತ್ತದೆ, ರಾಕೆಟ್ ಹಿಂದಕ್ಕೆ ಹೋಗುವುದು ಸ್ವಲ್ಪವೇ. ಚೆಂಡು ಪುಟಿದು ಮೇಲೇಳುವಾಗಲೇ ದೇಹದ ಮುಂದೆ ಅದನ್ನು ಹಿಡಿದು, ಎದುರಾಳಿ ಕೊಟ್ಟ ವೇಗವನ್ನೇ ನೇರ ಗೆರೆಯುದ್ದಕ್ಕೂ ತಿರುಗಿಸುತ್ತಾರೆ. ಮಕ್ಕಳು ಮೊಣಕಾಲಿನ ಬದಲು ಸೊಂಟ ಬಗ್ಗಿಸುತ್ತಾರೆ. ಆಗ ರಾಕೆಟ್‌ನ ತುದಿ ಕೆಳಗೆ ಬಿದ್ದು ಚೆಂಡು ಗಾಳಿಗೆ ಏಳುತ್ತದೆ. ತೊಡೆಗೆ ಶಕ್ತಿ ಬರುವ ಮುನ್ನ ಇದನ್ನು ನೂರಾರು ಸಲ ಮಾಡಿಸಬೇಡಿ.

ಈಗ ದುರ್ಬಲ ಸರ್ವ್ ಗಾಗಿ ಅವರು ತೆತ್ತ ಬೆಲೆಯ ಮಾತು. 2016ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಕೂಡ ಗೆದ್ದು 28ರ ವಯಸ್ಸಿನಲ್ಲಿ ಅಗ್ರಪಟ್ಟಕ್ಕೇರಿದರು. ಮರುವರ್ಷ ಒಂದೂ ಪ್ರಶಸ್ತಿಯಿಲ್ಲ. ಫ್ರೆಂಚ್ ಓಪನ್‌ನಲ್ಲೂ ಅಮೆರಿಕ ಓಪನ್‌ನಲ್ಲೂ ಮೊದಲ ಸುತ್ತಿನಲ್ಲೇ ಸೋಲು. ಆತ್ಮವಿಶ್ವಾಸ ಕುಗ್ಗಿದಾಗ ಆಸರೆಯಾಗಬಲ್ಲ ಸರ್ವ್ ಅವರಲ್ಲಿರಲಿಲ್ಲ. ಹೊಸ ಕೋಚ್ ವಿಮ್ ಫಿಸೆಟ್ ಜೊತೆ ಸರ್ವ್ ತಿದ್ದಿಕೊಂಡರು. 2018ರ ವಿಂಬಲ್ಡನ್ ಫೈನಲ್‌ನಲ್ಲಿ ಸೆರೆನಾ ವಿರುದ್ಧ 6–3, 6–3. ಸ್ವಯಂಕೃತ ತಪ್ಪು ಬರೀ ಐದು! ಮೂವತ್ತರ ಆಸುಪಾಸಿನಲ್ಲಿ ತಿದ್ದಿಕೊಳ್ಳುವುದಕ್ಕಿಂತ ಹದಿಮೂರರಲ್ಲಿ ಕಲಿಯುವುದು ಎಷ್ಟೋ ಸುಲಭ.

ಇನ್ನೊಂದು ವಿಷಯ: ಎಡಗೈಯಲ್ಲಿ ಆಡಿದರೂ ಕೆರ್ಬರ್ ಹುಟ್ಟು ಎಡಚರಲ್ಲ, ಬಲಗೈಯವರು. ಸರ್ವ್ ಎಂದರೆ ಕಲ್ಲೆಸೆಯುವ ಚಲನೆಯೇ. ನಿಮ್ಮ ಮಗಳು ಎಸೆಯುವುದೂ ಎಡಗೈಯಲ್ಲೇ ಆದರೆ ಆಕೆಗೆ ಅನುಕೂಲ ಹೆಚ್ಚು. ಅಡ್ವಾಂಟೇಜ್ ಬದಿಯಿಂದ (ಅಂಕಣದ ಎಡಭಾಗದಿಂದ) ಸ್ಲೈಸ್ ಸರ್ವ್, ಅಂದರೆ ಚೆಂಡು ಪಕ್ಕಕ್ಕೆ ತಿರುಗುವ ಸರ್ವ್, ಮೊದಲು ಕಲಿಸಿ: ಟಾಸ್ (ಚೆಂಡನ್ನು ಮೇಲೆಸೆಯುವುದು) ಎಡಕ್ಕೆ ತುಸು ಸರಿಯಲಿ, ರಾಕೆಟ್ ಚೆಂಡಿನ ಎಡ ಮಗ್ಗುಲನ್ನು ಸವರಲಿ. ಚೆಂಡು ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡ್‌ನಿಂದ ಆಚೆ ಓಡುತ್ತದೆ. ಎರಡನೇ ಸರ್ವ್‌ನಲ್ಲಿ ಹೆದರಿ ಕೈ ನಿಧಾನಿಸಿದರೆ ತಿರುವು ಸತ್ತು ಚೆಂಡು ಮೆತ್ತಗೆ ಬೀಳುತ್ತದೆ. ಕೈ ವೇಗ ಮೊದಲ ಸರ್ವ್‌ನಷ್ಟೇ ಇರಲಿ, ಸವರುವುದು ಮಾತ್ರ ಹೆಚ್ಚಾಗಲಿ.